ಚಾರ್ಲಿ ಕಥೆಯ ಕೊನೆ

ತುಮಕೂರು, 9 ಆಗಸ್ಟ್ 2024, ಶುಕ್ರವಾರ

ಅಮೆರಿಕದ ಲೇಖಕ ಡೇನಿಯಲ್ ಕೀಸ್ ಹುಟ್ಟಿದ್ದು 1927ರ ಇದೇ ದಿನ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಆ ನೆಪದಲ್ಲಿ 'ಫ್ಲವರ್ಸ್ ಫಾರ್ ಆಲ್ಜರ್ನಾನ್' ಸಣ್ಣಕಥೆಯನ್ನು ಮತ್ತೆ ಓದಿದೆ. 1959ರ ಏಪ್ರಿಲ್‌ನಲ್ಲಿ ಪತ್ರಿಕೆಯಲ್ಲಿ ಬಂದ ಕಥೆ, ಮರುವರ್ಷ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ. ವಿಜ್ಞಾನ ಕಥೆ ಅಂದ್ರೆ ಬರೀ ರಾಕೆಟ್, ರೋಬೋಟ್ ಅಂತ ದೂರ ಇಡುವವರಿಗೆ ನಾನು ಮೊದಲು ಕೊಡುವುದು ಇದನ್ನೇ.

ಚಾರ್ಲಿ ಗಾರ್ಡನ್‌ಗೆ 37 ವರ್ಷ. ಪ್ಲಾಸ್ಟಿಕ್ ಡಬ್ಬಿ ಮಾಡುವ ಫ್ಯಾಕ್ಟರಿಯಲ್ಲಿ ಕಸ ಗುಡಿಸುತ್ತಾನೆ, ಐಕ್ಯೂ ಅಂದರೆ ಬುದ್ಧಿಮಟ್ಟದ ಅಳತೆ 68, ಸಾಮಾನ್ಯಕ್ಕಿಂತ ತುಂಬಾ ಕಮ್ಮಿ. ಓದು ಬರಹ ಕಲಿಯುವ ಆಸೆ ಮಾತ್ರ ಬೆಟ್ಟದಷ್ಟು. ಡಾಕ್ಟರುಗಳು ಆಪರೇಷನ್ ಮಾಡಿ ಅವನ ಬುದ್ಧಿಯನ್ನು ಮೂರು ಪಟ್ಟು ಮಾಡುತ್ತಾರೆ. ಆಲ್ಜರ್ನಾನ್ ಅನ್ನೋದು ಅವನಿಗಿಂತ ಮೊದಲು ಅದೇ ಆಪರೇಷನ್ ಆಗಿದ್ದ ಇಲಿ. ಇಡೀ ಕಥೆ ಚಾರ್ಲಿ ತನ್ನ ಪ್ರಗತಿಯ ಬಗ್ಗೆ ಬರೆಯುವ ವರದಿಗಳಲ್ಲೇ ಇದೆ. ಶುರುವಿನಲ್ಲಿ ಕಾಗುಣಿತವೇ ನೆಟ್ಟಗಿಲ್ಲ. ಒಂದು ದಿನ ಟೀಚರ್ ಅಲ್ಪವಿರಾಮ ಹೇಳಿಕೊಡುತ್ತಾರೆ, ಅವತ್ತಿನ ವರದಿಯಲ್ಲಿ, ಎಲ್ಲಿ, ನೋಡಿದರೂ, ಬರೀ, ಅಲ್ಪವಿರಾಮ. ಸ್ವಲ್ಪ ದಿನಕ್ಕೇ ಅದೇ ಕೈ ಪಂಡಿತರ ಭಾಷೆ ಬರೆಯುತ್ತದೆ. ಆಮೇಲೆ ಇಲಿ ಮಂಕಾಗುತ್ತದೆ. ತನಗೂ ಅದೇ ಗತಿ ಅಂತ ಲೆಕ್ಕ ಹಾಕಿ ಕಂಡುಹಿಡಿಯುವವನು ಚಾರ್ಲಿಯೇ. ವಾಕ್ಯಗಳು ಒಂದೊಂದಾಗಿ ಮತ್ತೆ ಮುರಿಯುತ್ತಾ ಹೋಗುತ್ತವೆ.

ನನ್ನನ್ನು ಹಿಡಿದು ನಿಲ್ಲಿಸುವ ಜಾಗ ಹೋಟೆಲಿನದು. ತಟ್ಟೆ ತೊಳೆಯುವ ಹುಡುಗನ ಕೈ ಜಾರಿ ತಟ್ಟೆಗಳೆಲ್ಲ ಒಡೆದು ಹೋಗುತ್ತವೆ. ಎಲ್ಲರೂ ನಗುತ್ತಾರೆ, ಯಾಕೆ ಅಂತ ಗೊತ್ತಾಗದೆ ಆ ಹುಡುಗನೂ ನಗುತ್ತಾನೆ. ಅಷ್ಟು ಹೊತ್ತಿಗೆ ಮಹಾ ಬುದ್ಧಿವಂತನಾಗಿರುವ ಚಾರ್ಲಿಗೂ ನಗು ಬಂದುಬಿಡುತ್ತದೆ. ಮರುಕ್ಷಣ, ಫ್ಯಾಕ್ಟರಿಯಲ್ಲಿ ಎಲ್ಲರೂ ತನ್ನನ್ನು ನೋಡಿ ನಗುತ್ತಿದ್ದುದು ನೆನಪಾಗಿ ಎದ್ದು ನಿಂತು ಕೂಗಾಡುತ್ತಾನೆ.

ನಾನು ಒಂಬತ್ತನೇ ತರಗತಿಗೆ ಪರಿಹಾರ ಬೋಧನೆ ತೆಗೆದುಕೊಳ್ಳುವವಳು. ನಮ್ಮ ಮಕ್ಕಳ ನೋಟ್‌ಬುಕ್ಕಿನಲ್ಲಿ ಒತ್ತಕ್ಷರ ಮಾಯ, 'ಹಾಲು' 'ಆಲು' ಆಗಿರುತ್ತದೆ. 'ದಡ್ಡರ ಬ್ಯಾಚ್' ಅಂತ ಅವರ ಎದುರೇ ಅನ್ನುವವರಿದ್ದಾರೆ. ಮಕ್ಕಳೂ ನಗುತ್ತಾರೆ, ಆ ಹೋಟೆಲ್ ಹುಡುಗನ ಹಾಗೇ. ನನಗೆ ಹೊಟ್ಟೆ ಉರಿಯುತ್ತದೆ.

ಕೀಸ್ ಕೂಡ ಮೇಷ್ಟ್ರೇ. ಅದಕ್ಕೂ ಮೊದಲು ಹಡಗಿನಲ್ಲಿ ದುಡಿದಿದ್ದರು, ಸೈಕಾಲಜಿ ಓದಿದ್ದರು, ಕಥಾ ಪತ್ರಿಕೆಯ ಸಂಪಾದಕರಾಗಿದ್ದರು, ಕಾಮಿಕ್ಸ್ ಲೋಕದ ದೊಡ್ಡ ಹೆಸರು ಸ್ಟ್ಯಾನ್ ಲೀ ಕೈಕೆಳಗೆ ಕಾಮಿಕ್ಸ್ ಬರೆದಿದ್ದರು. ಆಮೇಲೆ ಬ್ರೂಕ್ಲಿನ್‌ನ ಹೈಸ್ಕೂಲಿನಲ್ಲಿ ಕಲಿಕೆಯಲ್ಲಿ ಹಿಂದುಳಿದವರ ತರಗತಿಗೆ ಇಂಗ್ಲಿಷ್ ಪಾಠ. ಅಲ್ಲೊಬ್ಬ ಹುಡುಗ ಬಂದು, ಕಷ್ಟಪಟ್ಟು ಓದಿ ಜಾಣನಾದರೆ ನನ್ನನ್ನು ಮಾಮೂಲಿ ತರಗತಿಗೆ ಹಾಕ್ತಾರಾ ಅಂತ ಕೇಳಿದನಂತೆ. ಆ ಪ್ರಶ್ನೆಯಿಂದಲೇ ಚಾರ್ಲಿ ಬಂದ.

ಕಥೆಯನ್ನು ಮೊದಲು ಓದಿದ 'ಗ್ಯಾಲಕ್ಸಿ' ಅನ್ನುವ ವಿಜ್ಞಾನ ಕಥಾ ಪತ್ರಿಕೆಯ ಸಂಪಾದಕ ಎಚ್.ಎಲ್. ಗೋಲ್ಡ್, ಕೊನೆ ಬದಲಾಯಿಸಿ ಅಂದರು. ಚಾರ್ಲಿಯ ಬುದ್ಧಿ ಹಾಗೇ ಉಳಿಯಲಿ, ಟೀಚರನ್ನು ಮದುವೆಯಾಗಿ ಸುಖವಾಗಿರಲಿ ಅಂತ. ಆಗ ಕೀಸ್ ಅಂಥ ಹೆಸರಾಂತ ಲೇಖಕರೇನಲ್ಲ, ದೊಡ್ಡ ಪತ್ರಿಕೆ ಕೈತಪ್ಪಿದರೆ ನಷ್ಟವೇ. ಆದರೂ ಒಪ್ಪಲಿಲ್ಲ, ಬೇರೆ ಪತ್ರಿಕೆಗೆ ಕೊಟ್ಟರು. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗುವುದು ಇಲ್ಲೇ. ಚಾರ್ಲಿ ಜಾಣನಾಗಿಯೇ ಉಳಿದುಬಿಟ್ಟರೆ, ಜಾಣನಾದರೆ ಮಾತ್ರ ಮನುಷ್ಯ ಅಂತ ನಗುವವರ ಮಾತನ್ನೇ ಕಥೆಯೂ ಒಪ್ಪಿಕೊಂಡ ಹಾಗಾಗುತ್ತಿತ್ತು, ಅಲ್ವಾ?

1966ರಲ್ಲಿ ಇದನ್ನೇ ಕಾದಂಬರಿ ಮಾಡಿದರು. ಅದಕ್ಕೂ ಮೊದಲು ಹಲವು ಪ್ರಕಾಶಕರು ವಾಪಸ್ ಕಳಿಸಿದ್ದರು. ಬಂದ ಮೇಲೆ ವಿಜ್ಞಾನ ಕಥೆಗಳ ಇನ್ನೊಂದು ದೊಡ್ಡ ಪ್ರಶಸ್ತಿ ನೆಬ್ಯುಲಾ, 1968ರಲ್ಲಿ ಸಿನಿಮಾ, ನಾಯಕನಿಗೆ ಆಸ್ಕರ್. ಆದರೂ ನನಗೆ ಸಣ್ಣಕಥೆಯೇ ಮೇಲು, ಒಂದು ಪದವೂ ಹೆಚ್ಚಿಲ್ಲ. ಆಮೇಲೆ ಕೀಸ್ ಓಹಾಯೋದಲ್ಲಿ ಪ್ರೊಫೆಸರ್ ಆಗಿ, 1981ರಲ್ಲಿ ಬಿಲ್ಲಿ ಮಿಲಿಗನ್ ಅನ್ನುವ ಬಹುವ್ಯಕ್ತಿತ್ವದ ಆರೋಪಿಯ ನಿಜ ಕಥೆ ಬರೆದರು. 2014ರಲ್ಲಿ ತೀರಿಕೊಂಡರು.

ಮುಂದಿನ ವಾರ ನನ್ನ ಮಕ್ಕಳಿಗೆ ಓದಿ ಹೇಳೋಣ ಅಂತ ಒಂದೆರಡು ಭಾಗ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಅಲ್ಪವಿರಾಮದ ವರದಿ ಅವರಿಗೆ ಖಂಡಿತ ಹಿಡಿಸುತ್ತದೆ.