ಚಳಿಗಾಲದಲ್ಲಿ ಅಪ್ಪ ಅಮ್ಮನ ಜೊತೆ ಟರ್ಕಿಗೆ ಹೋಗೋರು ಮೊದಲು ಇದನ್ನು ಓದಿ

ಬೆಳಗ್ಗೆ ಆರೂ ಮುಕ್ಕಾಲು. ಇನ್ನೂ ಕಗ್ಗತ್ತಲು. ನೆವ್‌ಶೆಹಿರ್ ಅನ್ನೋ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಾವು ನಾಲ್ಕು ಜನ, ಐದು ಬ್ಯಾಗು. ಚಳಿ ಮೈನಸ್ ಏಳು. ನಾವು ಹೊರಟಿದ್ದು ಗುಹೆ ಮನೆ, ಬಿಸಿಗಾಳಿ ಬಲೂನಿಗೆ ಹೆಸರಾದ ಗೊರೆಮೆಗೆ, ಟಿಕೆಟ್ ಮೇಲೆ 'ಗೊರೆಮೆ' ಅಂತ ದೊಡ್ಡದಾಗಿಯೇ ಬರೆದಿತ್ತು. ಆ ಗೊರೆಮೆ ಅಲ್ಲಿಂದ ಇನ್ನೂ ಹತ್ತು ಕಿಲೋಮೀಟರ್ ಮೇಲೆ. ಬಸ್ಸಿನ ಹುಡುಗ ನಮ್ಮ ಲಗೇಜು ಇಳಿಸಿ, "ಸರ್ವಿಸ್, ಸರ್ವಿಸ್" ಅಂತ ಕತ್ತಲೆಯ ಕಡೆ ಕೈ ತೋರಿಸಿ ಬಾಗಿಲು ಹಾಕಿಕೊಂಡ. ಬಸ್ಸು ಮುಂದಿನ ಊರು ಕೈಸೇರಿಯ ದಾರಿ ಹಿಡಿಯಿತು.

ಈ 'ಸರ್ವಿಸ್' ಏನು ಅಂತ ಮೊದಲೇ ಗೊತ್ತಿದ್ದರೆ ಅಷ್ಟು ಗಾಬರಿ ಆಗುತ್ತಿರಲಿಲ್ಲ. ಅಲ್ಲಿನ ಬಸ್ ಕಂಪನಿಗಳು ದೊಡ್ಡ ಬಸ್ಸನ್ನು ಊರಾಚೆಯ ಸ್ಟ್ಯಾಂಡಿನವರೆಗೆ ಮಾತ್ರ ಓಡಿಸಿ, ಅಲ್ಲಿಂದ ಮುಂದಕ್ಕೆ ಸಣ್ಣ ವ್ಯಾನಿನಲ್ಲಿ ಬಿಡುವುದುಂಟು. ಅದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ಆದರೆ ನಮ್ಮ ವ್ಯಾನು ಬಂದಿದ್ದು ಒಂದು ಗಂಟೆ ಹತ್ತು ನಿಮಿಷ ಆದಮೇಲೆ. ಅಷ್ಟರಲ್ಲಿ ಮೂರು ಜನ ಟ್ಯಾಕ್ಸಿಯವರು ಒಬ್ಬರಾದಮೇಲೆ ಒಬ್ಬರು ಬಂದು "ಸರ್ವಿಸ್ ಯೋಕ್" ಅಂದರು. ಯೋಕ್ ಅಂದ್ರೆ ಇಲ್ಲ. ನಾನು ಕಲಿತ ಮೊದಲ ಟರ್ಕಿಶ್ ಪದ ಅದೇ. ಟ್ಯಾಕ್ಸಿಗೆ 40 ಯೂರೊ ಕೇಳಿದರು. ನಾನು ಪರ್ಸು ತೆಗೆದೂ ಆಗಿತ್ತು. ಅಪ್ಪಾಜಿ ಬಿಡಲಿಲ್ಲ. "ಹತ್ತು ಕಿಲೋಮೀಟರಿಗೆ ಮೂರೂವರೆ ಸಾವಿರಾನಾ? ನಡೀರಿ, ನಡ್ಕೊಂಡೇ ಹೋಗಾಣ." ಕೊನೆಗೆ ಪಕ್ಕದ ಟೀ ಅಂಗಡಿಯವನು ಅಮ್ಮನನ್ನು ಕರೆದು ಒಲೆ ಪಕ್ಕ ಕೂರಿಸಿ ಎರಡು ಗ್ಲಾಸು ಟೀ ಕೊಟ್ಟ. ದುಡ್ಡು ಕೊಡಲು ಹೋದರೆ ಅವನದೂ "ಯೋಕ್".

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ದಾವಣಗೆರೆಯಿಂದ ಅಪ್ಪಾಜಿ, ಅಮ್ಮ ಮೂರು ತಿಂಗಳಿಗೆ ಬಂದಿದ್ದರು. ಡಿಸೆಂಬರ್ ಕೊನೆಗೆ ಇಲ್ಲಿ ಎಷ್ಟೋ ಆಫೀಸು ಮುಚ್ಚಿರುತ್ತವೆ, ಹಬ್ಬದ ದಿನ ಅಂಗಡಿಗಳೂ. ಮನೆಯಲ್ಲಿ ಕೂತು ಕಿಟಕಿ ನೋಡುವುದು ಬೇಡ ಅಂತ 2024ರ ಕ್ರಿಸ್‌ಮಸ್ ರಜೆಗೆ ಟರ್ಕಿ ಅಂತ ನಾನೇ ತೀರ್ಮಾನ ಮಾಡಿದೆ. ಟರ್ಕಿ ಪಾಕಿಸ್ತಾನದ ಪರ ನಿಂತಿತು ಅಂತ 2025ರ ಮೇ ತಿಂಗಳ ನಂತರ ನಮ್ಮವರು ತುಂಬಾ ಜನ ಆ ದೇಶದ ಪ್ರವಾಸವೇ ಬೇಡ ಅಂದಿದ್ದು ಗೊತ್ತಿದೆ. ಹೋಗೋದು ಬಿಡೋದು ನಿಮಗೆ ಸೇರಿದ್ದು. ಹೋಗುವವರಿಗೆ ಮಾತ್ರ ಇದನ್ನು ಬರೆಯುತ್ತಿದ್ದೇನೆ.

ಯುರೋಪಿನಲ್ಲಿರುವ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ವೀಸಾ ವಿಷಯ ಎರಡು ಸಲ ನೋಡಿ. ಕೈಯಲ್ಲಿ ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ (ಯುರೋಪಿನ ಬಹುಪಾಲು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಇದ್ದರೆ ಭಾರತದ ಪಾಸ್‌ಪೋರ್ಟಿನವರಿಗೆ ಟರ್ಕಿಯ ಇ-ವೀಸಾ ಸಿಗುತ್ತದೆ, ಐದು ನಿಮಿಷದ ಕೆಲಸ. ಆದರೆ ಟರ್ಕಿ ಷೆಂಗೆನ್‌ನಲ್ಲಿ ಇಲ್ಲ. ಅಪ್ಪ ಅಮ್ಮನ ವೀಸಾ ಸಿಂಗಲ್ ಎಂಟ್ರಿ ಆಗಿದ್ದರೆ ಹೋಗಬಹುದು, ವಾಪಸ್ ಬರುವ ಹಾಗಿಲ್ಲ! ಪುಣ್ಯಕ್ಕೆ ನಮ್ಮವರದು ಮಲ್ಟಿಪಲ್ ಇತ್ತು. ಇನ್ನು ಇ-ವೀಸಾಗೆ ಗೂಗಲ್‌ನಲ್ಲಿ ಮೊದಲು ಕಾಣುವ ಸೈಟೆಲ್ಲ ಸರ್ಕಾರದ್ದಲ್ಲ. ವಿಳಾಸದ ಕೊನೆಗೆ 'ಡಾಟ್ ಗೌ ಡಾಟ್ ಟಿಆರ್' ಇದೆಯಾ ನೋಡಿಕೊಳ್ಳಿ. ನಾನು ನೋಡದೆ ಮೊದಲ ಎರಡು ವೀಸಾಗೆ ಹತ್ತಿರ ಹತ್ತಿರ ಡಬಲ್ ಕಟ್ಟಿದೆ. ಹೆಂಡತಿ ಅದನ್ನು ಇನ್ನೂ ಮರೆತಿಲ್ಲ.

ರಾತ್ರಿ ಬಸ್ಸನ್ನು ಪೂರ್ತಿ ಬೈಯುವ ಹಾಗಿಲ್ಲ. ಒಂದು ಕಡೆ ಎರಡು ಸೀಟು, ಇನ್ನೊಂದು ಕಡೆ ಒಂದೇ ಸೀಟು, ಕಾಲು ಚಾಚುವಷ್ಟು ಜಾಗ. ಇಸ್ತಾಂಬುಲ್ ಬಿಟ್ಟು ಅರ್ಧ ಗಂಟೆಗೆ ಬಸ್ಸಿನ ಆ ಹುಡುಗ ಒಂದು ಬಾಟಲಿ ಹಿಡಿದು ಸೀಟಿನಿಂದ ಸೀಟಿಗೆ ಬಂದ. ಎಲ್ಲರೂ ಕೈ ಒಡ್ಡುತ್ತಿದ್ದರು, ಅವನು ಸುರಿಯುತ್ತಿದ್ದ. ಅಮ್ಮ ಬಲಗೈ ಬಟ್ಟಲು ಮಾಡಿ, ಎಡಗೈ ಅದರ ಕೆಳಗಿಟ್ಟು, ಥೇಟ್ ತೀರ್ಥ ತಗೊಳ್ಳೋ ಹಾಗೆ ಹಿಡಿದರು. ಬಾಯಿ ಹತ್ತಿರ ಹೋಗುವಷ್ಟರಲ್ಲಿ ನನ್ನ ಹೆಂಡತಿ ಮಣಿಕಟ್ಟು ಹಿಡಿದುಕೊಂಡಳು. ಅದು ಕೊಲೊನ್ಯ, ಕೈಗೆ ಹಚ್ಚಿಕೊಳ್ಳುವ ನಿಂಬೆ ವಾಸನೆಯ ಸೆಂಟು. ಬಂದವರಿಗೆ ಅದನ್ನು ಕೊಡುವುದು ಅಲ್ಲಿನ ಮರ್ಯಾದೆ. ಅಮ್ಮ ಅದನ್ನೂ ಚೆಲ್ಲಲಿಲ್ಲ, ತಲೆಗೆ ಸವರಿಕೊಂಡರು.

ಬಸ್ಸಿನಲ್ಲಿ ಶೌಚಾಲಯ ಇರಲಿಲ್ಲ. ದಾರಿಯಲ್ಲಿ ನಿಲ್ಲಿಸಿದ ಕಡೆ ದುಡ್ಡು ಕೊಟ್ಟೇ ಹೋಗಬೇಕು, ಚಿಲ್ಲರೆ ಇಟ್ಟುಕೊಂಡಿರಿ. ಅರವತ್ತು ದಾಟಿದವರು ಜೊತೆಗಿದ್ದರೆ ಹನ್ನೊಂದು ಗಂಟೆ ಬಸ್ಸು ಬೇಡ. ವಿಮಾನದಲ್ಲಿ ಕೈಸೇರಿಗೋ ನೆವ್‌ಶೆಹಿರ್‌ಗೋ ಹೋಗಿ, ಹೋಟೆಲಿನವರಿಗೆ ಹೇಳಿ ವ್ಯಾನು ಕರೆಸಿಕೊಳ್ಳಿ. ನಾನು ನಾಲ್ಕು ಟಿಕೆಟ್ಟಿನ ದುಡ್ಡು ಉಳಿಸಲು ಹೋಗಿ ಒಂದು ಇಡೀ ದಿನ ಎಲ್ಲರನ್ನೂ ಮಲಗಿಸಿದೆ.

ಬೆಳಕಿನ ಲೆಕ್ಕವೂ ಬೇರೆ. ಟರ್ಕಿಯವರು 2016ರಿಂದ ಯುರೋಪಿನವರ ಹಾಗೆ ಚಳಿಗಾಲದಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಡುವುದನ್ನು ಬಿಟ್ಟಿದ್ದಾರೆ. ಹಾಗಾಗಿ ಡಿಸೆಂಬರ್ ಕೊನೆಗೆ ಇಸ್ತಾಂಬುಲ್‌ನಲ್ಲಿ ಸೂರ್ಯ ಕಾಣುವುದು ಎಂಟೂಕಾಲು ದಾಟಿದ ಮೇಲೆ. ನಮ್ಮ ಅಪ್ಪಾಜಿ ಐದಕ್ಕೇ ಎದ್ದು ಸ್ವೆಟರ್ ಹಾಕಿಕೊಂಡು ತಯಾರು. ಮೂರು ಗಂಟೆ ಏನು ಮಾಡೋದು ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಬೆಳಗ್ಗೆ ಬೇಗ ಹೊರಡುವ ಪ್ಲಾನು ಹಾಕಬೇಡಿ.

ಗೊರೆಮೆಯ ಗುಹೆ ರೂಮಿನ ವಿಷಯ ಹೇಳಲೇಬೇಕು. ಫೋಟೊದಲ್ಲಿ ದೀಪ, ಕಂಬಳಿ, ಕಮಾನು, ಎಲ್ಲಾ ಚೆಂದ. 'ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ' ಅಂತ ಬರೆದಿದ್ದರು. ಹೊಸ ವರ್ಷದ ರೇಟು ಅಂತ ರಾತ್ರಿಗೆ 130 ಯೂರೊ. ಒಳಗೆ ಹೋದರೆ ಮಳೆಗಾಲದಲ್ಲಿ ಮುಚ್ಚಿಟ್ಟ ಟ್ರಂಕಿನ ವಾಸನೆ. ಹಾಸಿಗೆ ಮುಟ್ಟಿದರೆ ತೇವ. ಅಲ್ಲಿನ ಕಲ್ಲು ಉಗುರಲ್ಲಿ ಕೆರೆದರೂ ಉದುರುವಷ್ಟು ಮೆದು, ರಾತ್ರಿಯೆಲ್ಲ ದಿಂಬಿನ ಮೇಲೆ ಪುಡಿ. ಇದ್ದಿದ್ದು ಒಂದು ಕರೆಂಟ್ ಹೀಟರು. ಅದರ ಜೊತೆ ಕೆಟಲ್ ಹಾಕಿದರೆ ಫ್ಯೂಸ್ ಹೋಗುತ್ತಿತ್ತು. ಮರುದಿನ ಸಾಮಾನ್ಯ ಕಟ್ಟಡದ ಒಂದು ಸಣ್ಣ ವಸತಿಗೃಹಕ್ಕೆ ಹೋದೆವು, 45 ಯೂರೊ. ಎರಡನೇ ರಾತ್ರಿಯ ದುಡ್ಡು ಗುಹೆಯವರು ವಾಪಸ್ ಕೊಡಲಿಲ್ಲ. ಚಳಿಗಾಲದಲ್ಲಿ ರೂಮು ಕೇಳುವಾಗ ಒಂದೇ ಪ್ರಶ್ನೆ ಸಾಕು: "ಕಲೋರಿಫೆರ್ ಇದೆಯಾ?" ಗೋಡೆಗೆ ಬಿಸಿನೀರಿನ ಪೈಪು ಹಾಕಿ ಕಾಯಿಸುವ ವ್ಯವಸ್ಥೆಗೆ ಅಲ್ಲಿ ಆ ಹೆಸರು. ನನಗೆ ಜನಜಂಗುಳಿ ಎಷ್ಟಿದ್ದರೂ ಬೇಜಾರಿಲ್ಲ, ಆದರೆ ಒದ್ದೆ ಹಾಸಿಗೆ ಮಾತ್ರ ಆಗಲ್ಲ.

ಬಲೂನು ಹತ್ತಿದಿರಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಗಾಳಿ ಜಾಸ್ತಿ ಇದ್ದರೆ ವಿಮಾನಯಾನ ಇಲಾಖೆಯವರು ಬೆಳಗ್ಗೆ ಹಾರಾಟ ನಿಲ್ಲಿಸುತ್ತಾರೆ, ಚಳಿಗಾಲದಲ್ಲಿ ಇದು ಮಾಮೂಲು. ನಮಗೆ ಎರಡು ಬೆಳಗ್ಗೆಯೂ ಹಾಗೇ ಆಯಿತು. ಬಲೂನನ್ನೇ ನಂಬಿ ಹೋಗುವವರು ಕನಿಷ್ಠ ಮೂರು ರಾತ್ರಿ ಇಟ್ಟುಕೊಳ್ಳಿ, ರದ್ದಾದರೆ ಪೂರ್ತಿ ದುಡ್ಡು ವಾಪಸ್ ಅಂತ ಬರೆಸಿಕೊಳ್ಳಿ. ನಮಗೆ ಟಿಕೆಟ್ ಮಾಡಿಕೊಟ್ಟವನು 'ಕಾರ್ಡ್ ಖರ್ಚು' ಅಂತ ಸ್ವಲ್ಪ ಮುರಿದುಕೊಂಡ. ಅಪ್ಪಾಜಿಗೆ ಮಾತ್ರ ಉಳಿದ ದುಡ್ಡಿನದೇ ಖುಷಿ. ನೆಲದಡಿಯ ಊರು ಡೆರಿಂಕುಯುಗೆ ಅವರೊಬ್ಬರೇ ಇಳಿದರು. ಮಂಡಿ ನೋವಿದ್ದವರು ಆ ಕಡೆ ಹೋಗಬೇಡಿ, ಸೊಂಟ ಬಗ್ಗಿಸಿಕೊಂಡೇ ಮೆಟ್ಟಿಲು ಇಳಿಯಬೇಕು.

ಇಸ್ತಾಂಬುಲ್‌ಗೆ ಬರೋಣ. ಗಲಾಟಾ ಸೇತುವೆ ಹತ್ತಿರ ನಮ್ಮ ಮುಂದೆ ಹೋಗುತ್ತಿದ್ದ ಬೂಟ್ ಪಾಲಿಶ್ ಮಾಡುವವನ ಬ್ರಷ್ಷು ಬಿತ್ತು. ಅಪ್ಪಾಜಿ ಎತ್ತಿಕೊಂಡು ಓಡಿ ಹೋಗಿ ಕೊಟ್ಟರು. ಅವನು ಎದೆ ಮುಟ್ಟಿಕೊಂಡು ನಮಸ್ಕಾರ ಮಾಡಿ, ಉಪಕಾರಕ್ಕೆ ಪಾಲಿಶ್ ಮಾಡಿಕೊಡ್ತೀನಿ ಅಂತ ಕೂತೇ ಬಿಟ್ಟ. ಅಪ್ಪಾಜಿ ಹಾಕಿದ್ದು ಬಟ್ಟೆಯ ಸ್ಪೋರ್ಟ್ಸ್ ಶೂ! ಅದಕ್ಕೇ ನೊರೆ ಹಚ್ಚಿ ಉಜ್ಜಿದ. ಆಮೇಲೆ ಮಗುವಿಗೆ ಹುಷಾರಿಲ್ಲ ಅಂತ ಶುರು ಮಾಡಿ 400 ಲಿರಾ ಕೇಳಿದ, 100ಕ್ಕೆ ಬಿಟ್ಟ. ಇದು ಅಲ್ಲಿನ ಹಳೇ ಆಟ ಅಂತ ಆಮೇಲೆ ಗೊತ್ತಾಯಿತು. ಮರುದಿನ ಬೇರೆ ಬೀದಿಯಲ್ಲಿ ಇನ್ನೊಬ್ಬನ ಬ್ರಷ್ಷು ಬಿತ್ತು. ಅಪ್ಪಾಜಿ ಅದನ್ನು ದಾಟಿಕೊಂಡು ಹೋದರು.

ಹಿಂದೆ ಚರ್ಚಾಗಿದ್ದು ಈಗ ಮಸೀದಿಯಾಗಿರುವ ಆಯಾ ಸೋಫಿಯಾಗೆ ನಾವು ಹೋದಾಗ ವಿದೇಶಿಯರಿಗೆ ತಲೆಗೆ 25 ಯೂರೊ ಇತ್ತು, ಅದೂ ಮೇಲಿನ ಗ್ಯಾಲರಿಗೆ ಮಾತ್ರ. ನಾವು ಹೊರಗಿಂದಲೇ ನೋಡಿ ಎದುರಿನ ನೀಲಿ ಮಸೀದಿಗೆ ಹೋದೆವು, ಅಲ್ಲಿ ಟಿಕೆಟ್ ಇಲ್ಲ. ಹೆಂಗಸರು ತಲೆ ಮುಚ್ಚಿಕೊಳ್ಳಬೇಕು. ಅಮ್ಮ ಊರಲ್ಲಿ ದಿನಾ ಹೊದೆಯುವ ಹಾಗೆ ಸೆರಗು ಹೊದ್ದುಕೊಂಡರು, ಬಾಗಿಲಲ್ಲಿದ್ದವರು ಏನೂ ಕೇಳಲಿಲ್ಲ. ಊರಿನ ನಡುವೆ ಹಾಯುವ ಬಾಸ್ಫರಸ್ ಜಲಸಂಧಿ ನೋಡಲು ಟೂರಿಸ್ಟ್ ಬೋಟು ಬೇಡ, ಎಮಿನೊನು ದಂಡೆಯಿಂದ ಆಚೆ ದಡದ ಉಸ್ಕುದಾರ್‌ಗೆ ಹೋಗುವ ಮಾಮೂಲಿ ಫೆರಿ ಸಾಕು. ಇಸ್ತಾಂಬುಲ್‌ಕಾರ್ಟ್ ಅನ್ನೋ ಒಂದೇ ಕಾರ್ಡನ್ನು ನಾಲ್ಕು ಸಲ ಮುಟ್ಟಿಸಿದರೆ ನಾಲ್ಕೂ ಜನ ಒಳಗೆ.

ಉಸ್ಕುದಾರ್‌ನಲ್ಲಿ ಇಳಿದು ಹಿಂದಿನ ಗಲ್ಲಿಗೆ ಹೋದರೆ ಲೋಕಂತಾಗಳು ಸಿಗುತ್ತವೆ. ಅಂಗಡಿಯವರು, ಆಳುಗಳು ಮಧ್ಯಾಹ್ನ ಊಟಕ್ಕೆ ಬರುವ ಜಾಗ, ನಮ್ಮ ಖಾನಾವಳಿ ಇದ್ದ ಹಾಗೆ. ಗಾಜಿನ ಹಿಂದೆ ಬಿಸಿ ತಟ್ಟೆಗಳು, ಬೆರಳು ತೋರಿಸಿದ್ದನ್ನು ಬಡಿಸುತ್ತಾರೆ. ಅಲ್ಲಿಯವರೆಗೆ ಮೂರು ದಿನ ಅಮ್ಮ ಬಾಳೆಹಣ್ಣು, ಬ್ರೆಡ್ಡಿನಲ್ಲೇ ಇದ್ದರು. ಯಾಕೆಂದರೆ ಅಲ್ಲಿ 'ಎತ್' ಅಂದ್ರೆ ಕುರಿ, ದನದ ಮಾಂಸ. ಎತ್ ಬೇಡ ಅಂದರೆ ಕೋಳಿ ತಂದಿಡುತ್ತಾರೆ! ಅನ್ನಕ್ಕೂ ಕೋಳಿ ಬೇಯಿಸಿದ ನೀರು ಹಾಕಿರಬಹುದು, ಬೇಳೆ ಸೂಪಿಗೂ ಅಷ್ಟೆ. "ಎತ್ ಸುಯು? ತಾವುಕ್ ಸುಯು?" (ಮಾಂಸ ಬೇಯಿಸಿದ ನೀರಾ? ಕೋಳಿ ಬೇಯಿಸಿದ ನೀರಾ?) ಅಂತ ಎರಡನ್ನೂ ಕೇಳಬೇಕು. ಈ ಲೋಕಂತಾದ ಯಜಮಾನ ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳದೆ ಅನ್ನದ ಪಾತ್ರೆಗೆ ಬೇಡ ಅಂತ ತಲೆ ಅಲ್ಲಾಡಿಸಿದ, ಸೂಪಿಗೆ ಸರಿ ಅಂದ. ಮಸೂರ ಬೇಳೆಯ ಗಟ್ಟಿ ಸೂಪು, ಮೇಲೆ ನಿಂಬೆಹಣ್ಣು. ನಮ್ಮ ಬೇಳೆ ಕಟ್ಟಿಗೆ ಒಗ್ಗರಣೆ ಹಾಕದೆ ಬಿಟ್ಟ ಹಾಗೆ. ಆಮೇಲೆ ಆಲಿವ್ ಎಣ್ಣೆಯಲ್ಲಿ ಮಾಡಿದ ಹುರುಳಿಕಾಯಿ, ಪಾಲಕ್, ಬದನೆಕಾಯಿ. 'ಜೈತಿನ್‌ಯಾಲಿ' ಅನ್ನೋ ಪದ ಬಾಯಿಪಾಠ ಮಾಡಿಕೊಳ್ಳಿ, ಈ ಎಣ್ಣೆ ಪಲ್ಯಗಳಿಗೆ ಸಾಮಾನ್ಯವಾಗಿ ಮಾಂಸ ಹಾಕುವುದಿಲ್ಲ. ಆರಿದ ಮೇಲೇ ಬಡಿಸುತ್ತಾರೆ, ಅದು ಅಲ್ಲಿನ ಪದ್ಧತಿ. ಬುಟ್ಟಿಯಲ್ಲಿ ಬ್ರೆಡ್ಡು, ಎಷ್ಟು ತಿಂದರೂ ಲೆಕ್ಕವಿಲ್ಲ. ಅಮ್ಮ ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದು ಸೂಪಿಗೆ ಹಾಕಿಕೊಂಡರು. ಯಜಮಾನ ಬಂದು ಅಂಗೈ ಚಾಚಿದ, ನೆಕ್ಕಿ ನೋಡಿದ, ಒಳಗೆ ಹೋಗಿ ತನ್ನ ಒಣಮೆಣಸಿನ ಪುಡಿಯ ಪೊಟ್ಟಣ ತಂದು ಅಮ್ಮನ ಕೈಗಿಟ್ಟ. ನಾಲ್ಕು ಜನಕ್ಕೆ 860 ಲಿರಾ, ಆಗಿನ ಲೆಕ್ಕದಲ್ಲಿ 24 ಯೂರೊ ಹತ್ತಿರ. ಉಳಿದ ಮೂರು ಮಧ್ಯಾಹ್ನವೂ ಫೆರಿ ಹತ್ತಿ ಅಲ್ಲಿಗೇ ಹೋದೆವು. ಏನೇನು ನೋಡುವುದು ತಪ್ಪಿತು ಅಂತ ಲೆಕ್ಕ ಇಟ್ಟಿಲ್ಲ.

ಕೊನೆಯ ಸಂಜೆ ವೆಫಾ ಬಡಾವಣೆಯಲ್ಲಿ 1876ರಿಂದ ಇರುವ ಬೋಜಾ ಅಂಗಡಿಗೆ ಹೋದೆವು. ಬೋಜಾ ಅಂದ್ರೆ ಸಿರಿಧಾನ್ಯ ಹುದುಗಿಸಿ ಮಾಡುವ ಚಳಿಗಾಲದ ಪಾನೀಯ, ಚಮಚದಲ್ಲಿ ತಿನ್ನುವಷ್ಟು ಗಟ್ಟಿ. ಮೇಲೆ ದಾಲ್ಚಿನ್ನಿ ಪುಡಿ, ಜೊತೆಗೆ ಲೆಬ್ಲೆಬಿ, ಅಂದರೆ ನಮ್ಮ ಹುರಿಗಡಲೆಯೇ. ಅಮ್ಮ ಒಂದು ಚಮಚ ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹುಳಿ ಬಂದ ಅಂಬಲಿಗೆ ಸಕ್ಕರೆ ಹಾಕ್ಯಾರೆ" ಅಂದರು. ಗ್ಲಾಸು ಖಾಲಿ ಮಾಡಿ ಇನ್ನೊಂದು ತಗೊಂಡರು. ಊರಿಗೆ ಅಂತ ಒಂದು ಬಾಟಲಿಯನ್ನೂ ಕಟ್ಟಿಸಿಕೊಂಡು ದೊಡ್ಡ ಬ್ಯಾಗಿನಲ್ಲಿ ಇಟ್ಟೆವು. ಸ್ಟುಟ್‌ಗಾರ್ಟ್‌ನಲ್ಲಿ ಬ್ಯಾಗು ತೆಗೆದರೆ ಅದು ಒಳಗೇ ಇನ್ನಷ್ಟು ಹುದುಗಿ, ಉಬ್ಬಿ, ಮುಚ್ಚಳ ಹಾರಿಸಿಕೊಂಡಿತ್ತು. ಅಪ್ಪಾಜಿಯ ಎರಡು ಸ್ವೆಟರ್ ಹೋಯಿತು. ಲೆಬ್ಲೆಬಿ ತನ್ನಿ, ಬೋಜಾ ಅಲ್ಲೇ ಕುಡಿದು ಬನ್ನಿ.