‘ಅಷ್ಟು ಬೈತಿದ್ರೆ ಬಿಟ್ಟು ಬರಬಹುದಿತ್ತಲ್ಲ?’

ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ ಅಂತ ಗೊತ್ತಾದ ತಕ್ಷಣ ಜನ ಮೊದಲು ಸಂಬಳ ಕೇಳುತ್ತಾರೆ. ಆಮೇಲೆ ‘ಸೂಪರ್‌ವೈಸರ್‌ಗಳು ಬಾಯಿಗೆ ಬಂದಂಗೆ ಬೈತಾರಂತೆ, ನಿಜವಾ?’ ಅನ್ನುತ್ತಾರೆ. ನಿಜ ಅಂದರೆ ಸಾಕು, ಮುಂದಿನದು ಬಂದೇ ಬರುತ್ತದೆ: ‘ಅಷ್ಟು ಬೈತಿದ್ರೆ ಬಿಟ್ಟು ಬರಬಹುದಿತ್ತಲ್ಲ?’ ಬ್ಲೌಸ್ ಅಳತೆ ಕೊಡಲು ಬಂದವರು ಕೇಳಿದ್ದಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಕೇಳಿದ್ದಾರೆ. ನನ್ನ ನಾದಿನಿ ಹಬ್ಬಕ್ಕೊಂದು ಸಲ ಕೇಳುತ್ತಾಳೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರು ಇದನ್ನೇ ಓದಿಕೊಳ್ಳಲಿ.

ಈ ಪ್ರಶ್ನೆ ಕೇಳುವವರ ದನಿ ನನಗೆ ಹಿಡಿಸುವುದಿಲ್ಲ. ಬೈದವನ ಬಗ್ಗೆ ಒಂದು ಮಾತಿಲ್ಲ, ಬೈಸಿಕೊಂಡವಳ ವಿಚಾರಣೆ ಮಾತ್ರ. ನಮಗೆ ಮಾನ ಮರ್ಯಾದೆ ಇರಲಿಲ್ಲವೇನೋ ಅನ್ನುವಂಥ ನೋಟ ಬೇರೆ. ಇತ್ತು ಕಣ್ರೀ. ಮಗುವೂ ಇತ್ತು, ಮನೆ ಬಾಡಿಗೆಯೂ ಇತ್ತು.

ನಾನಿದ್ದ ಫ್ಯಾಕ್ಟರಿ ಪೀಣ್ಯದ ಕಡೆಯದು. ನಮ್ಮ ಬ್ಯಾಚಿನ ಸೂಪರ್‌ವೈಸರ್ ಯಾರನ್ನೂ ಹೆಸರು ಹಿಡಿದು ಕರೆದವನಲ್ಲ. ‘ಏ ಕಾಲರ್’, ‘ಏ ಕಫ್’, ‘ಏ ಸೈಡ್ ಸೀಮ್’. ನಾವು ಯಾವ ಕೆಲಸಕ್ಕೆ ಕೂತಿದ್ದೇವೋ ಅದೇ ನಮ್ಮ ಹೆಸರು. ಬೋರ್ಡಿನ ಮೇಲೆ ಗಂಟೆ ಗಂಟೆಗೂ ಪೀಸ್ ಲೆಕ್ಕ ಬರೆಯುತ್ತಿದ್ದರು. ಕಡಿಮೆ ಬಂದರೆ ಮೆಷಿನ್ ಪಕ್ಕ ಬಂದು ಕಿವಿಯ ಹತ್ತಿರವೇ ಚಪ್ಪಾಳೆ ತಟ್ಟುತ್ತಿದ್ದ. ಆಲ್ಟರೇಷನ್‌ಗೆ, ಅಂದರೆ ಬಿಚ್ಚಿ ಮತ್ತೆ ಹೊಲಿಯಲು, ವಾಪಸ್ ಬಂದ ಬಂಡಲ್ ಮಡಿಲಿಗೆ ಬೀಳುತ್ತಿತ್ತು, ಕೆಲವೊಮ್ಮೆ ಮುಖಕ್ಕೇ. ಟಾಯ್ಲೆಟ್‌ಗೆ ಎದ್ದರೆ ‘ಮನೇಲಿ ಮುಗಿಸ್ಕೊಂಡ್ ಬರಕ್ಕಾಗಲ್ವಾ’ ಅಂತ ಇಡೀ ಲೈನ್‌ಗೆ ಕೇಳುವ ಹಾಗೆ ಅನ್ನುತ್ತಿದ್ದ. ಎಷ್ಟೋ ಹೆಂಗಸರು ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಟಾರ್ಗೆಟ್ ಮುಗಿಯದಿದ್ದರೆ ಮನೆಗೆ ಹೊರಟೆವು ಅಂತ ಕಾರ್ಡ್ ಪಂಚ್ ಮಾಡಿ ಬಂದು ಮತ್ತೆ ಕೂರಬೇಕು. ಹೆಚ್ಚಿನ ಹೊತ್ತಿಗೆ ಎರಡು ಪಟ್ಟು ಕೂಲಿ ಕೊಡಬೇಕು ಅಂತ ಆಗ ಇದ್ದ 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಪಂಚ್ ಆಗಿ ಹೋಗಿದೆಯಲ್ಲ, ಹೆಚ್ಚಿನ ಹೊತ್ತು ಎಲ್ಲಿದೆ?

ನಾವೇನು ಸುಮ್ಮನೆ ಅಳುತ್ತಾ ಕೂತಿರಲಿಲ್ಲ. ಅವನು ಲೈನಿನ ತುದಿಯಿಂದ ಹೊರಟರೆ ಮೊದಲ ಮೆಷಿನ್‌ನವಳು ಕೆಮ್ಮುತ್ತಿದ್ದಳು, ಅವಳ ಹಿಂದಿನವಳು ಕೆಮ್ಮುತ್ತಿದ್ದಳು. ಆ ಕೆಮ್ಮು ಕೊನೆಗೆ ಮುಟ್ಟುವಷ್ಟರಲ್ಲಿ ಎಲ್ಲರ ಮಾತೂ ನಿಂತಿರುತ್ತಿತ್ತು. ಒಂದು ದಿನ ಮೊದಲ ಮೆಷಿನ್‌ಗೆ ಬಂದ ಹೊಸ ಹುಡುಗಿಗೆ ನಿಜವಾಗಿಯೂ ನೆಗಡಿ ಆಗಿತ್ತು. ಊಟದ ಬೆಲ್ ಹೊಡೆಯುವವರೆಗೆ ಇಡೀ ಬ್ಯಾಚ್ ತಲೆಯೆತ್ತಲಿಲ್ಲ. ಅವನು ಅವತ್ತು ರಜೆ ಹಾಕಿದ್ದ ಅಂತ ಗೊತ್ತಾಗಿದ್ದು ಊಟಕ್ಕೆ ಕೂತಾಗಲೇ. ಆಮೇಲೆ ನಕ್ಕ ನಗು ಇನ್ನೂ ನೆನಪಿದೆ.

ಸರಿ, ಯಾಕೆ ಬಿಡಲಿಲ್ಲ?

ನನ್ನ ಮಗ ಅದೇ ಫ್ಯಾಕ್ಟರಿಯ ಕ್ರೆಶ್‌ನಲ್ಲಿದ್ದ. 30ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಕಾರ್ಖಾನೆ ಆರು ವರ್ಷದೊಳಗಿನ ಮಕ್ಕಳಿಗೆ ಒಂದು ಕೋಣೆ, ನೋಡಿಕೊಳ್ಳಲು ಒಬ್ಬರನ್ನು ಇಡಬೇಕು ಅಂತ ಅದೇ ಕಾಯ್ದೆಯಲ್ಲಿತ್ತು. ಕಾಯ್ದೆಯಲ್ಲಿದ್ದ ಮಾತ್ರಕ್ಕೆ ಎಲ್ಲ ಕಡೆ ನೆಟ್ಟಗೆ ನಡೆಯುವುದಿಲ್ಲ. ನಮ್ಮಲ್ಲಿ ಆ ಕೋಣೆ ಚೊಕ್ಕಟವಾಗಿತ್ತು, ಆಯಾ ಒಳ್ಳೆಯವರು. ಮನೆಯಲ್ಲಿ ನೋಡಿಕೊಳ್ಳಲು ಅತ್ತೆಯಿಲ್ಲ, ಅಮ್ಮ ಊರಲ್ಲಿ. ಅವನ ಬೈಗುಳ ಒಂದು ಕಡೆ, ಮಗ ಎರಡು ಗೋಡೆ ಆಚೆ ಸುರಕ್ಷಿತವಾಗಿ ಮಲಗಿದ್ದಾನೆ ಅನ್ನುವುದು ಇನ್ನೊಂದು ಕಡೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಇನ್ನೊಂದು ಗ್ರಾಚ್ಯುಟಿ. ಆಗ ಇದ್ದ 1972ರ ಕಾಯ್ದೆ ಪ್ರಕಾರ ನಮ್ಮಂಥವರು ಒಂದೇ ಕಡೆ ಐದು ವರ್ಷ ಮಾಡಿದರೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ದುಡ್ಡು ಬರುತ್ತಿತ್ತು. ತಿಂಗಳಿಗೆ 26 ದಿನ ಅಂತ ಲೆಕ್ಕ ಹಿಡಿದರೆ ಐದು ವರ್ಷಕ್ಕೆ ಹತ್ತಿರ ಹತ್ತಿರ ಮೂರು ತಿಂಗಳ ಸಂಬಳ. ನಾಲ್ಕು ವರ್ಷ ಆಗುತ್ತಿದ್ದ ಹಾಗೆ ಕೆಲವರ ಮೇಲೆ ಬೈಗುಳ ಜಾಸ್ತಿಯಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ತಾನಾಗಿ ಬಿಟ್ಟು ಹೋದರೆ ಯಾರಿಗೆ ಲಾಭ ಅಂತ ನೀವೇ ಯೋಚಿಸಿ. ಸಿಟ್ಟಿಗೆ ರಾಜೀನಾಮೆ ಬಿಸಾಕಿ ಬಂದಿದ್ದರೆ ಅವರಿಗೆ ಬೇಕಾದ್ದನ್ನೇ ಮಾಡಿದ ಹಾಗಾಗುತ್ತಿತ್ತು. ನಾನು ಐದು ತುಂಬಿಸಿ, ಮಗನನ್ನು ಸ್ಕೂಲಿಗೆ ಸೇರಿಸಿ, ಅರ್ಜಿ ಕೊಟ್ಟು ಬಿಟ್ಟೆ. 30 ದಿನದೊಳಗೆ ಕೊಡಬೇಕಾದ ದುಡ್ಡಿಗೆ ಓಡಾಡಿಸಿದರು. ಕಾರ್ಮಿಕ ಇಲಾಖೆಗೆ ಹೋಗುತ್ತೇನೆ ಅಂದ ಮೇಲೆ ಬಂತು.

ಪಕ್ಕದ ಫ್ಯಾಕ್ಟರಿಗೆ ಹೋಗಬಹುದಿತ್ತು ಅನ್ನುವವರಿದ್ದಾರೆ. ಹೋದವರಿದ್ದರು, ತಿರುಗಿ ಬಂದವರೂ ಇದ್ದರು. ಅಲ್ಲೂ ಅದೇ ಬೋರ್ಡು, ಅದೇ ಟಾರ್ಗೆಟ್ಟು. ಕೂಗುವ ಗಂಟಲು ಮಾತ್ರ ಬೇರೆ.

ನಾದಿನಿಯ ಮಗ ಐಟಿಯಲ್ಲಿದ್ದಾನೆ. ಅವರ ಗೃಹಪ್ರವೇಶದ ದಿನ ಇದೇ ಮಾತು ಬಂದು, ‘ಅತ್ತೆ, ನಾನಾಗಿದ್ರೆ ಅವತ್ತೇ ರಿಸೈನ್ ಮಾಡ್ತಿದ್ದೆ’ ಅಂದ. ಹೇಳಿ ಬಾಯಿ ಮುಚ್ಚಿರಲಿಲ್ಲ, ಫೋನ್ ಬಂತು. ಹೋಮದ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಟೆರೇಸಿಗೆ ಓಡಿದ. ಪಂಚೆ ಉಟ್ಟುಕೊಂಡೇ ಲ್ಯಾಪ್‌ಟಾಪ್ ತೆರೆದು ಕೂತ. ‘ಸಾರಿ, ಸಾರಿ, ಈಗಲೇ ಕಳಿಸ್ತೀನಿ’ ಅನ್ನುವುದು ಮೆಟ್ಟಿಲವರೆಗೂ ಕೇಳುತ್ತಿತ್ತು. ಅವತ್ತು ರಜೆ ತೆಗೆದುಕೊಂಡಿದ್ದನಂತೆ. ಅವನಿಗೆ ಮೂರು ತಿಂಗಳ ನೋಟಿಸು, ಅದೇ ಮನೆಯ ಸಾಲದ ಕಂತು. ಅವನನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಅವತ್ತು ಅವನ ಮೇಲೆ ನನಗೆ ಅಯ್ಯೋ ಅನ್ನಿಸಿತು. ಊಟಕ್ಕೆ ಬಂದಾಗ ‘ನೀನ್ಯಾಕೋ ಬಿಡಲಿಲ್ಲ?’ ಅಂತ ನಾನು ಕೇಳಲಿಲ್ಲ. ಗೊತ್ತಿದ್ದವರು ಅದನ್ನು ಕೇಳುವುದಿಲ್ಲ.

2016ರ ಏಪ್ರಿಲ್ 18, 19 ನೆನಪಿದೆಯಾ? ಹೊಸೂರು ರಸ್ತೆ, ತುಮಕೂರು ರಸ್ತೆ ಎರಡೂ ನಿಂತು ಹೋಗಿದ್ದವು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದು ನಿಮಗೆ ನೆನಪಿರಬಹುದು. ರಸ್ತೆಯಲ್ಲಿ ಇದ್ದವರು ನಾವು. ಪಿಎಫ್‌ಗೆ ನಮ್ಮ ಸಂಬಳದಿಂದ 12% ಹೋಗುತ್ತದೆ. ಮಾಲೀಕರೂ 12% ಹಾಕುತ್ತಾರೆ, ಅದರಲ್ಲಿ 8.33 ಪೆನ್ಷನ್‌ಗೆ, ಉಳಿದ 3.67 ಪಿಎಫ್‌ಗೆ. ಆ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು. ಕೆಲಸ ಬಿಟ್ಟರೂ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವ ಹಾಗಿಲ್ಲ. ಅದು ಬಾಯಿಂದ ಬಾಯಿಗೆ ಹರಡಿ, ಯಾವ ನಾಯಕರೂ ಕರೆಯದೆ, ಹೆಂಗಸರು ಮೆಷಿನ್ ಆಫ್ ಮಾಡಿ ಗೇಟ್ ದಾಟಿದರು. ಕಲ್ಲು ಬಿತ್ತು, ಬಸ್ಸುಗಳು ಸುಟ್ಟವು, ಲಾಠಿಯೇಟೂ ಬಿತ್ತು. ಬೆಂಕಿ ಹಚ್ಚಿದ್ದನ್ನು ನಾನು ಸರಿ ಅನ್ನುವುದಿಲ್ಲ. 19ರಂದೇ ಸರ್ಕಾರ ಆ ಅಧಿಸೂಚನೆಯನ್ನು ವಾಪಸ್ ತೆಗೆದುಕೊಂಡಿತು.

58 ಅಂದರೆ ನಮಗೆ ಏನು ಅರ್ಥವಾಯಿತು ಗೊತ್ತಾ? ನಲವತ್ತು ದಾಟಿದ ಮೇಲೆ ಕಣ್ಣು, ಸೊಂಟ ಹೋದ ಟೈಲರನ್ನು ಯಾರು ಇಟ್ಟುಕೊಳ್ಳುತ್ತಾರೆ? ಬೈಗುಳ ತಡೆಯಲಾರದೆ ಬಿಟ್ಟವಳು ಮುಂದಿನ ಕೆಲಸ ಸಿಗುವವರೆಗೆ ಅಕ್ಕಿ ತರುವುದು ಆ ದುಡ್ಡಿನಿಂದ. ಮಗಳ ಫೀಸು, ಗಂಡನ ಆಸ್ಪತ್ರೆ, ಎಲ್ಲ ಅದರಿಂದಲೇ. ನಮಗೆ ಕೆಲಸ ಬಿಡುವ ಧೈರ್ಯ ಅಂತ ಒಂದಿದ್ದರೆ ಅದು ಪಿಎಫ್ ಖಾತೆಯಲ್ಲಿತ್ತು. ಅದನ್ನು ಉಳಿಸಿಕೊಳ್ಳಲು ಬೀದಿಗೆ ಬಂದು ಲಾಠಿ ತಿಂದವರನ್ನು ಹಿಡಿದು ‘ಬಿಟ್ಟು ಬರಬಹುದಿತ್ತಲ್ಲ’ ಅಂತ ಕೇಳುತ್ತೀರಿ. ನನಗೆ ಮೈ ಉರಿಯುವುದು ಇದಕ್ಕೆ.

‘ಆ ಸೂಪರ್‌ವೈಸರ್‌ನ ಅಲ್ಲಿ ಯಾಕೆ ಇಟ್ಟುಕೊಂಡಿದ್ರು?’ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಖುಷಿಯಿಂದ ಹೇಳುತ್ತಿದ್ದೆ.

ಟಾರ್ಗೆಟ್ ಅವನು ಹಾಕುವುದಲ್ಲ. ಒಂದು ಕೆಲಸಕ್ಕೆ ಇಷ್ಟು ನಿಮಿಷ ಅಂತ ಐಇಯವರು, ಅಂದರೆ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗದವರು, ಗಡಿಯಾರ ಹಿಡಿದು ಲೆಕ್ಕ ಹಾಕುತ್ತಾರೆ. 0.6 ನಿಮಿಷ ಅಂತ ಬರೆದರೆ ಗಂಟೆಗೆ 100 ಪೀಸ್. ದಾರ ತುಂಡಾಗುವುದು, ಸೂಜಿ ಮುರಿಯುವುದು, ಹಿಂದಿನವಳಿಂದ ಬಂಡಲ್ ಬರದೇ ಇರುವುದು ಯಾವುದೂ ಆ ನೂರರಲ್ಲಿ ಕಳೆಯುವುದಿಲ್ಲ. ಸ್ಟೈಲ್ ಬದಲಾದ ಮೊದಲ ದಿನ ಯಾರ ಕೈಯೂ ಓಡುವುದಿಲ್ಲ, ಆದರೂ ಬೋರ್ಡಿನ ಮೇಲೆ ದೊಡ್ಡ ನಂಬರೇ ಇರುತ್ತದೆ. ಸಂಜೆ ಮೀಟಿಂಗ್‌ನಲ್ಲಿ ಪಿಎಂ, ಅಂದರೆ ಪ್ರೊಡಕ್ಷನ್ ಮ್ಯಾನೇಜರ್, ಅವನಿಗೆ ಬೈಯುತ್ತಿದ್ದರು, ನಮಗೆ ಬೀಳುತ್ತಿದ್ದ ಪದಗಳಲ್ಲೇ. ಅವನು ಬೆಳಿಗ್ಗೆ ಅದನ್ನು ನಮ್ಮ ಮೇಲೆ ಸುರಿಯುತ್ತಿದ್ದ. ಹಾಗಂತ ಅವನಿಗೆ ಮಾಫಿ ಇಲ್ಲ. ಬಂಡಲ್ ಎಸೆದ ಕೈ ಅವನದೇ.

ಮಾಫಿ ಯಾಕಿಲ್ಲ ಅಂದರೆ, ಪಕ್ಕದ ಬ್ಯಾಚ್‌ನಲ್ಲಿ ಒಬ್ಬ ಅಕ್ಕ ಇದ್ದರು. ಫ್ಲೋರ್ ತುಂಬ ಹೆಂಗಸರಿದ್ದರೂ ಸೂಪರ್‌ವೈಸರ್ ಆಗಿದ್ದ ಹೆಂಗಸು ಅವರೊಬ್ಬರೇ. ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಮೇಲೆ ಬಂದವರು. ಅದೇ ಪಿಎಂ, ಅದೇ ಬೈಗುಳದ ಮೀಟಿಂಗ್ ಅವರಿಗೂ ಇತ್ತು. ಎಲ್ಲಾದರೂ ಪೀಸ್ ಗುಡ್ಡೆ ಬಿದ್ದರೆ ಅಲ್ಲಿಗೆ ಹೋಗಿ ತಾವೇ ಮೆಷಿನ್ ಮೇಲೆ ಕೂರುತ್ತಿದ್ದರು. ಮೆಕ್ಯಾನಿಕ್ ಬರದಿದ್ದರೆ ಹೋಗಿ ಎಳೆದು ತರುತ್ತಿದ್ದರು. ಯಾರ ಕೈ ಯಾವ ಕೆಲಸಕ್ಕೆ ಓಡುತ್ತದೆ ಅಂತ ಗೊತ್ತಿತ್ತು, ಹಾಗೆ ಜಾಗ ಬದಲಿಸುತ್ತಿದ್ದರು. ‘ಹೊಸ ಸ್ಟೈಲ್ ಸಾರ್, ಮೂರು ದಿನ ಟೈಮ್ ಕೊಡಿ’ ಅಂತ ನಮ್ಮೆಲ್ಲರ ಮುಂದೆಯೇ ಪಿಎಂ ಹತ್ತಿರ ವಾದ ಮಾಡಿದ್ದನ್ನು ಕೇಳಿದ್ದೇನೆ. ಅವರ ಬ್ಯಾಚ್‌ನಲ್ಲಿ ಎಲ್ಲರಿಗೂ ಹೆಸರಿತ್ತು. ಅವರ ಶರ್ಟುಗಳೂ ಅದೇ ಲಾರಿಗೆ ಹತ್ತುತ್ತಿದ್ದವು, ಹೊತ್ತಿಗೆ ಸರಿಯಾಗಿ.

ಫ್ಲೋರ್ ಇನ್‌ಚಾರ್ಜ್ ಜಾಗ ಖಾಲಿಯಾದಾಗ ಅದು ಸಿಕ್ಕಿದ್ದು ನಮ್ಮವನಿಗೆ. ಪಿಎಂ ಸಾಹೇಬರು ಫ್ಲೋರ್‌ಗೆ ಬಂದರೆ ಎಲ್ಲಿ ಗಲಾಟೆ ಜಾಸ್ತಿಯೋ ಅಲ್ಲಿ ಕೆಲಸ ಜಾಸ್ತಿ ಅಂತ ತಿಳಿಯುತ್ತಿದ್ದರು. ‘ಆ ಯಮ್ಮ ಸಾಫ್ಟು, ಅವರ ಮಾತು ಯಾರು ಕೇಳ್ತಾರೆ’ ಅಂದರಂತೆ. ಅವರ ಮಾತನ್ನು ಅರವತ್ತು ಹೆಂಗಸರು ದಿನಾ ಕೇಳುತ್ತಿದ್ದರು. ಅಕ್ಕ ಇನ್ನೂ ಎರಡು ವರ್ಷ ಅದೇ ಬ್ಯಾಚ್ ನಡೆಸಿದರು. ಈಗ ಅವರೂ ಬಿಟ್ಟಿದ್ದಾರೆ. ನಮ್ಮವನು ಈಗಲೂ ಅಲ್ಲೇ ಇದ್ದಾನೆ, ಎರಡು ಫ್ಲೋರ್ ಅವನ ಕೈಕೆಳಗಿದೆ ಅಂತ ಹಳೆಯ ಗೆಳತಿಯರು ಹೇಳಿದರು.