ಎರಡನೆಯ ಸ್ಲಾಟು, ನಾಲ್ಕನೆಯ ಸ್ಲಾಟು

ಅಣ್ಣನ ಮಗಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಮನೆಯಲ್ಲೇ ಅವಳಿಗೊಂದು ಕಂಪ್ಯೂಟರ್ ಜೋಡಿಸಿಕೊಟ್ಟಿದ್ದೆ: ರೈಜನ್ 5 5600ಜಿ ಪ್ರೊಸೆಸರ್, 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್. ಬೇರೆ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸಾಲಲಿಲ್ಲ. ಹದಿನೈದು ದಿನ ಕಳೆದಿರಲಿಲ್ಲ, ಫೋನ್ ಬಂತು. "ಚಿಕ್ಕಪ್ಪ, ಮಾಡೆಲ್ ತಿರುಗಿಸಿದ್ರೆ ಸಾಕು, ತಡೆದು ತಡೆದು ಬರ್ತಿದೆ."

ಭಾನುವಾರ ಹೋಗಿ, ಕಂಪ್ಯೂಟರಿನ ಒಳವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶ ತೆರೆದೆ. 16 ಜಿಬಿ ಸರಿಯಾಗಿಯೇ ಇತ್ತು. ಆದರೆ ಚಾನೆಲ್ ಎಂಬಲ್ಲಿ 'ಸಿಂಗಲ್'. ಕ್ಯಾಬಿನೆಟ್ ಬಿಚ್ಚಿದರೆ, ಎರಡೂ ಸ್ಟಿಕ್ ಪ್ರೊಸೆಸರ್ ಪಕ್ಕದ ಮೊದಲೆರಡು ಸ್ಲಾಟಿನಲ್ಲಿ ಒತ್ತೊತ್ತಾಗಿ ಕೂತಿದ್ದವು. ಹಾಗೆ ಕೂರಿಸಿದವನು ನಾನೇ.

ಸ್ಲಾಟ್ ನಾಲ್ಕಿದ್ದರೂ ಅಲ್ಲಿಗೆ ದಾರಿ ಎರಡೇ. ಪ್ರೊಸೆಸರ್ ಕಡೆಯಿಂದ ಮೊದಲೆರಡು ಸ್ಲಾಟು, ಎ1, ಎ2, ಒಂದು ಚಾನೆಲ್. ಆಮೇಲಿನ ಬಿ1, ಬಿ2 ಇನ್ನೊಂದು. ಒಂದೊಂದೂ 64 ಬಿಟ್ ಅಗಲ. ಮೆಮೊರಿ ಡಿಡಿಆರ್4-3200 ದರ್ಜೆಯದಾದರೆ ಒಂದರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ, ಎರಡೂ ಸೇರಿ 51.2. ಈ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿಯಿಲ್ಲ. ಅದೂ ಇದೇ ದಾರಿಯಲ್ಲಿ ಓಡಾಡಬೇಕು. ಅವಳ ಚಿತ್ರ ತಡೆಯದೆ ಇನ್ನೇನು!

"ಹಾಗಾದ್ರೆ ಒಂದು, ಮೂರಕ್ಕೆ ಹಾಕೋಣ್ವಾ?" ಅಂದಳು. ಆ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. ಬೋರ್ಡಿನ ಮ್ಯಾನುಯಲ್ ಹೇಳುವುದು ಎರಡು ಮತ್ತು ನಾಲ್ಕು. ಪ್ರೊಸೆಸರಿನಿಂದ ಹೊರಟ ತಾಮ್ರದ ಗೆರೆ ಎ1 ಮುಟ್ಟಿ ಎ2ರಲ್ಲಿ ಮುಗಿಯುತ್ತದೆ. ಎ1ಕ್ಕೆ ಮಾತ್ರ ಸ್ಟಿಕ್ ಹಾಕಿದರೆ ಮುಂದಿನ ತುಂಡು ಬರಿದಾಗಿ ಉಳಿದು, ಅಲ್ಲಿಗೆ ಹೋದ ಸಿಗ್ನಲ್ ಬಂಡೆಗೆ ಬಡಿದ ದನಿಯಂತೆ ಮರಳಿ ಬಂದು ಅಸಲು ಸಿಗ್ನಲನ್ನು ಕಲಕುತ್ತದೆ. ವೇಗ ಹೆಚ್ಚಿದಷ್ಟೂ ಈ ಕಾಟ ಹೆಚ್ಚು.

ಟಾರ್ಚ್ ಹಿಡಿದೆ. ಕೆಲವು ಗೆರೆಗಳು ಹಾವಿನಂತೆ ಬಳುಕಿ ಹೋಗುವುದನ್ನು ಅವಳೇ ಗುರುತಿಸಿದಳು. ಜೊತೆಗೆ ಹೊರಟ ಬಿಟ್‌ಗಳು ಜೊತೆಗೇ ತಲುಪಬೇಕು, ಅದಕ್ಕೆ ಹತ್ತಿರದ ಪಿನ್ನಿನ ಗೆರೆಯನ್ನೂ ಬೇಕೆಂದೇ ಸುತ್ತಿಸಿ ಉದ್ದ ಮಾಡಿರುತ್ತಾರೆ. ಒಂದು ಸ್ಟಿಕ್ಕಿಗೆ 288 ಪಿನ್. ಇನ್ನೊಂದು ಚಾನೆಲ್ ಬೇಕೆಂದರೆ ಇವುಗಳಲ್ಲಿ ಸಿಗ್ನಲ್ ಸಾಗಿಸುವ ಗೆರೆಗಳನ್ನೆಲ್ಲ ಮತ್ತೆ ಎಳೆಯಬೇಕು, ಪ್ರೊಸೆಸರ್ ಕೂರುವ ಸಾಕೆಟ್ಟೂ ಹಿಗ್ಗಬೇಕು. ಇವಳ ಎಎಂ4 ಸಾಕೆಟ್ಟಿನಲ್ಲಿ 1331 ಪಿನ್. ನಾಲ್ಕು ಚಾನೆಲ್‌ನ ಮೊದಲ ಥ್ರೆಡ್‌ರಿಪ್ಪರ್ ಎಂಬ ದೊಡ್ಡ ಪ್ರೊಸೆಸರಿನ ಸಾಕೆಟ್ಟಿನಲ್ಲಿ 4094. ಮೆಮೊರಿಯೊಂದೇ ಕಾರಣವಲ್ಲ, ಆದರೆ ದೊಡ್ಡ ಕಾರಣ.

ಸ್ಟಿಕ್ ಬದಲಿಸಿದವಳು ಅವಳೇ. ಟಕ್ಕೆಂದು ಕೂತವು. ಮೊದಲ ಸಲ ಪರದೆ ಬೆಳಗಲು ಬಹಳ ಹೊತ್ತು ಹಿಡಿಯಿತು, ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ತನ್ನ ಮನೆಯ ಮಾಡೆಲ್ ತೆರೆದು ಮೆಟ್ಟಿಲ ಸುತ್ತ ಒಂದು ಸುತ್ತು ತಿರುಗಿಸಿದಳು. ಎಲ್ಲೂ ತಡೆಯಲಿಲ್ಲ.